ಕೈಯಲ್ಲಿ ಮಾಡಿದ ಸ್ಕ್ಯಾಂಡಿ ಚಾಕು: ಕೊಳ್ಳುವುದು, ಮಸೆಯುವುದು, ಬಯಲುಸೀಮೆಯಲ್ಲಿ ಜೋಪಾನ ಮಾಡುವುದು

ತುಮಕೂರು, ಶಿರಾ, ಚಿಂತಾಮಣಿ, ಶ್ರೀನಿವಾಸಪುರ ಕಡೆಯ ಓದುಗರು ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. "ಫಿನ್ಲೆಂಡ್ ಮಾದರಿಯ ಚಾಕು ತರಿಸಿಕೊಂಡೆ, ಎರಡೇ ದಿನಕ್ಕೆ ಕಪ್ಪಾಯಿತು. ಕೆಟ್ಟುಹೋಯಿತಾ?" "ಇದಕ್ಕೆ ಸಾಣೆ ಎಲ್ಲಿ ಹಿಡಿಸಲಿ?" "ಬ್ಯಾಗಿನಲ್ಲಿ ಇಟ್ಟುಕೊಂಡು ಹೋದರೆ ಪೊಲೀಸರು ಏನಂತಾರೆ?" ಮೂರಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ. ಕೊಳ್ಳುವ ಮುಂಚೆ ಏನು ನೋಡಬೇಕು ಎನ್ನುವುದನ್ನೂ ಸೇರಿಸಿದ್ದೇನೆ, ಯಾಕೆಂದರೆ ಹೆಚ್ಚಿನ ತೊಂದರೆ ಶುರುವಾಗುವುದೇ ಅಲ್ಲಿ.

ಸ್ಕ್ಯಾಂಡಿ ಎಂದರೆ ಸ್ಕ್ಯಾಂಡಿನೇವಿಯಾ ಕಡೆಯದು, ಅಂದರೆ ಫಿನ್ಲೆಂಡ್, ಸ್ವೀಡನ್, ನಾರ್ವೆ ಮಾದರಿಯ ಚಾಕು. ಮೊದಲು ಈ ಚಾಕುವಿನ ರಚನೆ ಅರ್ಥವಾಗಬೇಕು. ನಮ್ಮ ಅಡುಗೆಮನೆಯ ಚಾಕುವಿನ ಅಲಗು ಬೆನ್ನಿನಿಂದ ಬಾಯಿಯವರೆಗೆ ಸ್ವಲ್ಪಸ್ವಲ್ಪವಾಗಿ ತೆಳುವಾಗುತ್ತಾ ಬರುತ್ತದೆ. ಬಾಯಿಯ ಹತ್ತಿರ ಇನ್ನೊಂದು ಸಣ್ಣ ಇಳಿಜಾರು ಇರುತ್ತದೆ. ಸಾಣೆ ಹಿಡಿಯುವುದು ಆ ಸಣ್ಣ ಇಳಿಜಾರಿಗೆ ಮಾತ್ರ. ಸ್ಕ್ಯಾಂಡಿಯಲ್ಲಿ ಹಾಗಲ್ಲ. ಅಲಗು ಬೆನ್ನಿನಿಂದ ಸುಮಾರು ಅರ್ಧದವರೆಗೆ ಒಂದೇ ದಪ್ಪ ಇರುತ್ತದೆ. ಅಲ್ಲಿಂದ ಒಂದೇ ನೇರ ಇಳಿಜಾರು ಬಾಯಿಯವರೆಗೆ ಹೋಗುತ್ತದೆ. ಬಡಗಿಯ ಉಳಿಯ ಬಾಯಿ ನೋಡಿದ್ದೀರಲ್ಲ, ಅಂಥ ಇಳಿಜಾರು ಎರಡೂ ಕಡೆ ಇದ್ದರೆ ಹೇಗೋ ಹಾಗೆ. ಎರಡೂ ಇಳಿಜಾರುಗಳ ನಡುವಿನ ಕೋನ ಸಾಮಾನ್ಯವಾಗಿ 20ರಿಂದ 25 ಡಿಗ್ರಿ. ಮರ ಕೆತ್ತುವಾಗ ಆ ಅಗಲವಾದ ಇಳಿಜಾರು ಮರದ ಮೇಲೆ ಒರಗಿ ಕೂರುತ್ತದೆ. ಎಷ್ಟು ಆಳಕ್ಕೆ ಇಳಿಯಬೇಕು ಎನ್ನುವುದು ಕೈಗೆ ತಾನಾಗಿ ಗೊತ್ತಾಗುತ್ತದೆ. ಮಸೆಯುವಾಗಲೂ ಅದೇ ಇಳಿಜಾರು ಕಲ್ಲಿನ ಮೇಲೆ ಕೂತು ಕೋನ ಹಿಡಿದುಕೊಡುತ್ತದೆ. ಈ ಚಾಕುವಿನ ಎಲ್ಲ ಗುಣವೂ ಆ ಇಳಿಜಾರಿನಲ್ಲೇ ಇದೆ. ಅದನ್ನು ಉಳಿಸಿಕೊಳ್ಳುವುದೇ ಮಾಲೀಕರ ಮುಖ್ಯ ಕೆಲಸ.

ಫಿನ್ಲೆಂಡಿನಲ್ಲಿ ಇದನ್ನು ಪೂಕ್ಕೊ ಎನ್ನುತ್ತಾರೆ. ಅಲ್ಲಿನ ಕೌಹಾವಾ ಊರು ಪೂಕ್ಕೊಗೆ ಹೆಸರುವಾಸಿ. ಸ್ವೀಡನ್ನಿನ ಮೋರಾ ಊರಿನಲ್ಲಿ 1891ರಿಂದ ಚಾಕು ಕಾರ್ಖಾನೆಗಳಿವೆ. ನಾರ್ವೆಯವರು ಮೂರು ಪದರದ ಅಲಗಿಗೆ ಪ್ರಸಿದ್ಧರು: ನಡುವೆ ಗಟ್ಟಿ ಉಕ್ಕು, ಎರಡೂ ಪಕ್ಕ ಮೆತ್ತನೆಯ ಉಕ್ಕು. ಉತ್ತರದ ಹಿಮಪ್ರದೇಶದ ಸಾಮಿ ಜನರ ಚಾಕು ಇನ್ನೂ ದೊಡ್ಡದು, ಕೊಂಬೆ ಕಡಿಯುವಂಥದು. ಈ ಲೇಖನ ಸಣ್ಣ ಚಾಕುವಿನ ಬಗ್ಗೆ ಮಾತ್ರ.

ಹಂತ 1: ನಿಮಗೆ ಇದು ಬೇಕಾ ಎಂದು ನೋಡಿಕೊಳ್ಳಿ

ಮರ ಕೆತ್ತುವ ಆಸೆ ಇದೆಯಾ? ತೋಟದಲ್ಲಿ ಗೂಟ ಚೂಪು ಮಾಡುವುದು, ಹಗ್ಗ ಕತ್ತರಿಸುವುದು, ಹಸಿ ಕಡ್ಡಿ ಸವರುವುದು ಇದೆಯಾ? ಇದ್ದರೆ ಈ ಚಾಕು ಖುಷಿ ಕೊಡುತ್ತದೆ. ಬರೀ ತರಕಾರಿ ಹೆಚ್ಚಲು ಬೇಡ. ಅಲಗು ದಪ್ಪ ಇರುವುದರಿಂದ ಕ್ಯಾರೆಟ್, ಕುಂಬಳಕಾಯಿ ಹೋಳಾಗುವ ಬದಲು ಸೀಳಿ ಹೋಗುತ್ತವೆ. ಎಳನೀರು ಕೆತ್ತಲು, ತೆಂಗಿನಕಾಯಿ ಒಡೆಯಲು, ಸೌದೆ ಕಡಿಯಲು ಇದನ್ನು ಮುಟ್ಟಲೇಬಾರದು. ಅದಕ್ಕೆ ಮಚ್ಚು ಇದೆ. ಚಿಪ್ಪಿಗೆ ಒಂದೇ ಏಟು ಬಿದ್ದರೂ ಈ ತೆಳು ಬಾಯಿ ಮುಕ್ಕಾಗುತ್ತದೆ.

ಇನ್ನೂ ಮನಸ್ಸು ಗಟ್ಟಿಯಾಗದಿದ್ದರೆ ಮೊದಲು ಮೋರಾದ ಕಾರ್ಖಾನೆ ಚಾಕು ತೆಗೆದುಕೊಳ್ಳಿ. ಅದರಲ್ಲಿ ಕೈ ಕುದುರಿದ ಮೇಲೆ ಕೈಕೆಲಸದ ಚಾಕುವಿನ ಬೆಲೆ ಎಲ್ಲಿಂದ ಬರುತ್ತದೆ ಎನ್ನುವುದು ಮುಟ್ಟಿದಾಗಲೇ ತಿಳಿಯುತ್ತದೆ.

ಹಂತ 2: ಕೊಳ್ಳುವಾಗ ಏನು ನೋಡಬೇಕು

ಚಾಕುವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹಿಡಿಯ ಕಡೆಯಿಂದ ತುದಿಯ ಕಡೆಗೆ ನೋಡಿ. ಬೆನ್ನು ನೇರವಾಗಿರಬೇಕು. ತಿರುಗಿಸಿ ಬಾಯಿಯನ್ನೂ ಹಾಗೇ ನೋಡಿ. ಆಮೇಲೆ ಇಳಿಜಾರು ಎಲ್ಲಿ ಶುರುವಾಗುತ್ತದೋ ಆ ಗೆರೆ ನೋಡಿ. ಎರಡೂ ಕಡೆ ಒಂದೇ ಎತ್ತರದಲ್ಲಿರಬೇಕು. ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಇದ್ದರೆ ಕೆತ್ತುವಾಗ ಚಾಕು ಒಂದು ಪಕ್ಕಕ್ಕೆ ಎಳೆಯುತ್ತದೆ. ಅಲಗಿನ ಮೇಲೆ ಸುತ್ತಿಗೆ ಏಟಿನ ಗುರುತು, ಕುಲುಮೆಯ ಕಪ್ಪು ಉಳಿದಿದ್ದರೆ ಅದು ತಪ್ಪಲ್ಲ. ಬೇಕೆಂದೇ ಬಿಡುತ್ತಾರೆ. ಇಳಿಜಾರು ಮಾತ್ರ ಕನ್ನಡಿಯಂತೆ ಸಮವಾಗಿರಬೇಕು. ಮೂರು ಪದರದ ಅಲಗಾದರೆ ಗಟ್ಟಿ ಉಕ್ಕು ಮೆತ್ತನೆಯ ಉಕ್ಕಿಗೆ ಸೇರುವ ಜಾಗದಲ್ಲಿ ಒಂದು ಮಸುಕು ಗೆರೆ ಬಾಯಿಗೆ ಸಮಾನಾಂತರವಾಗಿ ಓಡುತ್ತದೆ. ಅದು ತುದಿಯವರೆಗೆ ಬಾಯಿಯಿಂದ ಒಂದೇ ದೂರದಲ್ಲಿದ್ದರೆ ಮಾಡಿದವರ ಕೈ ಎಂಥದು ಎಂದು ತಿಳಿಯಿರಿ. ನನಗಂತೂ ಚಾಕುವಿನಲ್ಲಿ ಅತಿ ಚೆಂದದ ಜಾಗ ಅದೇ.

ಉದ್ದ: ಅಲಗು 8ರಿಂದ 10 ಸೆಂಟಿಮೀಟರ್ ಸಾಕು. ಉದ್ದ ಜಾಸ್ತಿಯಾದಷ್ಟೂ ತುದಿ ಕೈಯ ಹಿಡಿತ ತಪ್ಪುತ್ತದೆ.

ಅಲಗಿನ ಬಾಲ ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಎಂದು ಕೇಳಿ. ಪೂಕ್ಕೊಗಳಲ್ಲಿ ಕಡ್ಡಿಯಂಥ ಬಾಲ ಹಿಡಿಯೊಳಗೆ ತೂರಿರುತ್ತದೆ. ಹಿಂದುಗಡೆಯಿಂದ ಹೊರಬಂದು ಬಡಿದು ಕೂರಿಸಿದ್ದರೆ ಅತ್ಯುತ್ತಮ. ಅರ್ಧಕ್ಕೇ ನಿಂತಿದ್ದರೆ ಬೇಡ. ಅಲಗು ಹಿಡಿಗೆ ಸೇರುವ ಕಡೆ ಲೋಹದ ಬಳೆ ಇರುತ್ತದಲ್ಲ, ಅಲ್ಲಿ ಉಗುರು ಹೋಗುವಷ್ಟು ಸಂದು ಕೂಡ ಇರಬಾರದು.

ಉಕ್ಕಿನ ಹೆಸರು, ಗಡಸುತನ ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಗಡಸುತನವನ್ನು ರಾಕ್‌ವೆಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 58ರಿಂದ 60 ಇದ್ದರೆ ಈ ಬಗೆಯ ಚಾಕುವಿಗೆ ಸರಿ. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ನೋಡಿಕೊಳ್ಳಲು ಸುಲಭ. ಕೈಕೆಲಸದ ಚಾಕುಗಳು ಹೆಚ್ಚಾಗಿ ಕಾರ್ಬನ್ ಉಕ್ಕಿನವೇ.

ಹಿಡಿಯ ವಿಷಯದಲ್ಲಿ ಒಂದು ಎಚ್ಚರ. ಜಿಂಕೆ, ಕಡವೆ ಕೊಂಬಿನ ಹಿಡಿ ಹಾಕಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನೂ ಇಟ್ಟುಕೊಳ್ಳುವಂತಿಲ್ಲ. ಹೊರದೇಶದಿಂದ ತರಿಸುವಾಗಲೂ ಹಿಮಸಾರಂಗದ ಕೊಂಬಿನ ಹಿಡಿಗಿಂತ ಮರದ ಹಿಡಿಯೇ ವಾಸಿ. ಕಸ್ಟಮ್ಸ್‌ನಲ್ಲಿ ಕೊಂಬು ಯಾವ ಪ್ರಾಣಿಯದು ಎಂದು ವಿವರಿಸುವ ಪಾಡು ತಪ್ಪುತ್ತದೆ.

ಊರಿನ ಕಮ್ಮಾರರ ಹತ್ತಿರ ಮಾಡಿಸಬಹುದಾ ಎಂದು ಹಲವರು ಕೇಳಿದ್ದಾರೆ. ಖಂಡಿತ ಮಾಡಿಸಬಹುದು. ಈ ನೆಲಕ್ಕೆ ಉಕ್ಕು ಹೊಸದಲ್ಲ. ಈಸ್ಟ್ ಇಂಡಿಯಾ ಕಂಪನಿಗಾಗಿ ಸಮೀಕ್ಷೆ ಮಾಡುತ್ತಾ 1800ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ ಕಡೆ ಜನ ಕಬ್ಬಿಣ ಕರಗಿಸಿ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಮೂಸೆಯೊಳಗೆ ಕಬ್ಬಿಣದ ಜತೆ ತಂಗಡಿ ಗಿಡದ ಕಡ್ಡಿ ಇಟ್ಟು ಮುಚ್ಚುತ್ತಿದ್ದರು. ಕಡ್ಡಿ ಇದ್ದಿಲಾಗಿ ಅದರ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು.

ಈಗಿನ ಕಮ್ಮಾರರು ಹೆಚ್ಚಾಗಿ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಬಳಸುತ್ತಾರೆ. ಒಳ್ಳೆಯ ಉಕ್ಕೇ. ಆದರೆ ವರ್ಷಗಟ್ಟಲೆ ಬಾಗಿ ಬಾಗಿ ಒಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು. ಸಾಧ್ಯವಾದರೆ ಬಳಸದ ಪಟ್ಟಿಯ ತುಂಡು ನೀವೇ ತಂದುಕೊಡಿ. ಇನ್ನೊಂದು ವಿಷಯ ಕೂತು ಮಾತಾಡಬೇಕು. ಮಚ್ಚು, ಕುಡುಗೋಲಿಗೆ ಅವರು ಕೊಡುವ ಹದ ಸ್ವಲ್ಪ ಮೆತ್ತಗಿರುತ್ತದೆ, ಏಟಿಗೆ ಮುಕ್ಕಾಗದಿರಲಿ ಎಂದು. ಸ್ಕ್ಯಾಂಡಿಗೆ ಅದಕ್ಕಿಂತ ಗಟ್ಟಿ ಬೇಕು. ಕೆಂಪಗೆ ಕಾದ ಅಲಗನ್ನು ನೀರಿನ ಬದಲು ಬಿಸಿ ಮಾಡಿದ ಎಣ್ಣೆಯಲ್ಲಿ ಅದ್ದಲು ಕೇಳಿ. ನೀರಿನಲ್ಲಿ ಸ್ಪ್ರಿಂಗ್ ಉಕ್ಕು ಬಿರುಕು ಬಿಡುವುದು ಜಾಸ್ತಿ. ಆಮೇಲೆ ಮನೆಯ ಓವನ್ನಿನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು ತಣಿಸಿ, ಮತ್ತೊಮ್ಮೆ ಹಾಗೇ ಮಾಡಿ. ಗಾಜಿನಂತೆ ಒಡೆಯುವ ಗುಣ ಹೋಗಿ ಗಟ್ಟಿತನ ಉಳಿಯುತ್ತದೆ. ಇಳಿಜಾರನ್ನು ಹದ ಕೊಡುವ ಮುಂಚೆಯೇ ಅರದಿಂದ ಬಹುತೇಕ ತೆಗೆದಿರಬೇಕು. ಗಟ್ಟಿಯಾದ ಮೇಲೆ ಅರ ಹಿಡಿಯುವುದಿಲ್ಲ. ಹಿಡಿಗೆ ನಮ್ಮಲ್ಲಿ ಹುಣಸೆಯ ಒಣಗಿದ ಚೇಗು ಬಹಳ ಚೆನ್ನ. ಹಸಿ ಮರ ಬೇಡವೇ ಬೇಡ.

ಹಂತ 3: ಸಾಮಾನು ಹೊಂದಿಸಿಕೊಳ್ಳಿ

ಮಸೆಯಲು ಎರಡು ಕಲ್ಲು: 1000 ಗ್ರಿಟ್, 3000ದಿಂದ 6000 ಗ್ರಿಟ್. ಗ್ರಿಟ್ ಎಂದರೆ ಕಲ್ಲಿನ ಕಣದ ಅಳತೆ, ಅಂಕಿ ಹೆಚ್ಚಿದಷ್ಟೂ ನುಣುಪು. ಹಾರ್ಡ್‌ವೇರ್ ಅಂಗಡಿಯ ಕಪ್ಪು ಕಾರ್ಬೊರಂಡಂ ಕಲ್ಲು ಮಚ್ಚಿಗೆ ಸರಿ, ಇದಕ್ಕೆ ತೀರಾ ಒರಟು.

ಕಲ್ಲಿಗೆ ದುಡ್ಡು ಹಾಕಲು ಇಷ್ಟವಿಲ್ಲದಿದ್ದರೆ ಇನ್ನೊಂದು ದಾರಿ ಇದೆ. ಗ್ರಾನೈಟ್ ಅಂಗಡಿಯಲ್ಲಿ ಪಾಲಿಶ್ ಆದ ಚಿಕ್ಕ ತುಂಡು ಕೇಳಿ ತನ್ನಿ. ಬಣ್ಣದ ಅಂಗಡಿಯಲ್ಲಿ ವಾಟರ್ ಪೇಪರ್ ಸಿಗುತ್ತದೆ, ನೀರು ಹಾಕಿ ಉಜ್ಜುವ ಉಪ್ಪುಕಾಗದ. 400, 800, 1500, 2000 ನಂಬರಿನವು ಒಂದೊಂದು ಹಾಳೆ ಸಾಕು. ಗ್ರಾನೈಟ್ ಸಮತಟ್ಟಾಗಿರುವುದರಿಂದ ಇಳಿಜಾರು ಕೆಡುವುದಿಲ್ಲ.

ಕೊನೆಯ ನಯಕ್ಕೆ ಹಳೇ ತೊಗಲಿನ ಬೆಲ್ಟನ್ನು ಹಲಗೆಗೆ ಅಂಟಿಸಿಕೊಳ್ಳಿ. ಅದಕ್ಕೆ ಹಚ್ಚಲು ಹಸಿರು ಪಾಲಿಶ್ ಸೋಪು. ಜತೆಗೆ ಹತ್ತಿ ಬಟ್ಟೆ, ಕೊಬ್ಬರಿ ಎಣ್ಣೆ, ಅಗಸೆ ಎಣ್ಣೆ, ಸ್ವಲ್ಪ ಜೇನುಮೇಣ.

ಹಂತ 4: ಹಿಡಿಯುವ ರೀತಿ

ಪೂಕ್ಕೊದಲ್ಲಿ ಬೆರಳಿಗೆ ತಡೆ ಇರುವುದಿಲ್ಲ. ಬೇಕೆಂದೇ ಹಾಗೆ ಮಾಡುತ್ತಾರೆ, ಕೈ ಬಾಯಿಯ ಹತ್ತಿರಕ್ಕೆ ಬಂದಷ್ಟೂ ಕೆತ್ತನೆಗೆ ಬಲ ಸಿಗುತ್ತದೆ. ಹಾಗಾಗಿ ಈ ಚಾಕುವಿನಿಂದ ಯಾವುದನ್ನೂ ಚುಚ್ಚಬೇಡಿ. ಡಬ್ಬ ತೂತು ಮಾಡಲು ಹೋದರೆ, ಗಟ್ಟಿ ಪೆಟ್ಟಿಗೆ ತಿವಿದರೆ ಕೈ ಜಾರಿ ಬಾಯಿಯ ಮೇಲೇ ಬರುತ್ತದೆ. ಇದು ನೂಕಿ ಕೆತ್ತುವ, ಎಳೆದು ಕೆತ್ತುವ ಚಾಕು.

ಕೂತು ಕೆತ್ತುವಾಗ ಮೊಣಕೈಯನ್ನು ಮೊಣಕಾಲಿಗೆ ಊರಿ. ಕಡ್ಡಿ ಮೊಣಕಾಲಿನ ಆಚೆ ಇರಲಿ. ತೊಡೆಯ ಮೇಲೆ ಇಟ್ಟು ಕೆತ್ತಬೇಡಿ, ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಇದೆ. ಅಭ್ಯಾಸಕ್ಕೆ ಹಸಿ ಬೇವು, ಸಿಲ್ವರ್ ಓಕ್ ಕೊಂಬೆ ಒಳ್ಳೆಯದು. ಒಣಗಿದ ಜಾಲಿ, ಹುಣಸೆಯನ್ನು ಶುರುವಿನಲ್ಲೇ ಹಿಡಿಯಬೇಡಿ. ಮರದ ಗಂಟು ಸಿಕ್ಕಾಗ ಅಲಗನ್ನು ತಿರುಚಿ ಎತ್ತಬೇಡಿ, ಬಾಯಿ ಮುಕ್ಕಾಗುವುದು ಬಹುಪಾಲು ಆ ತಿರುಚಾಟದಿಂದಲೇ.

ಹಂತ 5: ಮಸೆಯುವುದು

ಮೊದಲ ಮಾತು: ಸೈಕಲ್ ಮೇಲೆ ಸಾಣೆ ಚಕ್ರ ಇಟ್ಟುಕೊಂಡು ಬೀದಿಗೆ ಬರುವವರಿಗೆ ಈ ಚಾಕು ಕೊಡಬೇಡಿ. ಕತ್ತರಿ, ಮಚ್ಚಿಗೆ ಅವರ ಕೆಲಸ ಚೆನ್ನಾಗಿಯೇ ಇರುತ್ತದೆ. ಆದರೆ ತಿರುಗುವ ಚಕ್ರ ಬಾಯಿಯಲ್ಲಿ ಹೊಸದೊಂದು ಸಣ್ಣ ಇಳಿಜಾರು ಮಾಡಿಬಿಡುತ್ತದೆ. ಆಮೇಲೆ ಇದು ಸ್ಕ್ಯಾಂಡಿ ಅಲ್ಲ, ದಪ್ಪ ಅಲಗಿನ ಸಾಮಾನ್ಯ ಚಾಕು. ಬಾಯಿ ಬಿಸಿಯಾಗಿ ನೀಲಿಗಟ್ಟಿದರಂತೂ ಆ ಜಾಗದ ಹದವೇ ಹೋಯಿತು. ಅಷ್ಟು ಭಾಗವನ್ನು ಪೂರ್ತಿ ಸವೆಸಿ ತೆಗೆಯುವ ತನಕ ಹರಿತ ನಿಲ್ಲುವುದಿಲ್ಲ. ಅಡುಗೆಮನೆಯ ಎಳೆಯುವ ಸಾಣೆ ಡಬ್ಬಿಗಳೂ ಬೇಡ, ಅವುಗಳ ಕೋನವೇ ಬೇರೆ.

ಈಗ ಕೆಲಸ. 1000ದ ಕಲ್ಲನ್ನು ಒದ್ದೆ ಮಾಡಿ ಜಾರದಂತೆ ಒದ್ದೆ ಬಟ್ಟೆಯ ಮೇಲೆ ಇಡಿ. ಇಳಿಜಾರಿನ ಮೇಲೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ ನಿಧಾನವಾಗಿ ಬೆನ್ನು ಎತ್ತಿ. ಇಳಿಜಾರು ಪೂರ್ತಿ ಕೂತಾಗ ಬಾಯಿಯ ಅಂಚಿನ ಅಡಿಯಿಂದ ನೀರು ಸಣ್ಣಗೆ ಒತ್ತಿ ಹೊರಗೆ ಬರುತ್ತದೆ. ಅದೇ ಕೋನ. ಎಡಗೈಯ ಎರಡು ಬೆರಳನ್ನು ಇಳಿಜಾರಿನ ನೇರ ಮೇಲೆ ಇಟ್ಟು, ಬಾಯಿ ಮುಂದಾಗಿ ನೂಕಿ, ಹಗುರವಾಗಿ ಹಿಂದಕ್ಕೆ ಎಳೆಯಿರಿ. ನಾಲ್ಕೈದು ಸಲ ಆದ ಮೇಲೆ ತಿರುಗಿಸಿ ನೋಡಿ. ಮಾರ್ಕರ್ ಬಣ್ಣ ಎಲ್ಲ ಕಡೆ ಸಮವಾಗಿ ಹೋಗುತ್ತಿದ್ದರೆ ಸರಿ. ಬಾಯಿಯ ಹತ್ತಿರ ಮಾತ್ರ ಹೋಗಿದ್ದರೆ ಬೆನ್ನು ಜಾಸ್ತಿ ಎತ್ತಿದ್ದೀರಿ. ಮೇಲ್ಗಡೆ ಮಾತ್ರ ಹೋಗಿದ್ದರೆ ಕಮ್ಮಿ ಎತ್ತಿದ್ದೀರಿ. ತುದಿಯ ಬಾಗು ಬಂದಾಗ ಹಿಡಿಯನ್ನು ಒಂಚೂರು ಮೇಲೆತ್ತಬೇಕು, ಇಲ್ಲದಿದ್ದರೆ ತುದಿ ಮಸೆಯದೇ ಉಳಿಯುತ್ತದೆ. ಮೊಂಡು ತುದಿಗಳಿಗೆ ಕಾರಣ ಇಷ್ಟೇ.

ಒಂದು ಕಡೆ ಸಾಕಷ್ಟು ಮಸೆದಾಗ ಇನ್ನೊಂದು ಕಡೆಗೆ ಲೋಹದ ಕೂದಲೆಳೆಯಂಥ ಅಂಚು ಏಳುತ್ತದೆ. ವರ್ಕ್‌ಶಾಪಿನಲ್ಲಿ ಇದಕ್ಕೆ ಬರ್ ಎನ್ನುತ್ತಾರೆ. ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಸವರಿದರೆ ತಡೆದಂತೆ ಆಗುತ್ತದೆ. ಬಾಯಿಯ ಉದ್ದಕ್ಕೆ ಎಂದೂ ಬೆರಳು ಎಳೆಯಬೇಡಿ. ಬುಡದಿಂದ ತುದಿಯವರೆಗೆ ಬರ್ ಬಂದ ಮೇಲಷ್ಟೇ ಮಗ್ಗುಲು ಬದಲಿಸಿ. ಆತುರಪಟ್ಟು ಬರ್ ಬರುವ ಮುಂಚೆಯೇ ನುಣುಪು ಕಲ್ಲಿಗೆ ಹೋದರೆ ಇಳಿಜಾರು ಹೊಳೆಯುತ್ತದೆ, ಚಾಕು ಮಾತ್ರ ಕತ್ತರಿಸುವುದಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ.

ಎರಡನೇ ಮಗ್ಗುಲಲ್ಲೂ ಬರ್ ಎದ್ದ ಮೇಲೆ ನುಣುಪು ಕಲ್ಲಿಗೆ ಹೋಗಿ. ಒತ್ತಡ ಕಡಿಮೆ ಮಾಡುತ್ತಾ ಬನ್ನಿ. ಕೊನೆಗೆ ಒಂದೊಂದೇ ಸಲ ಮಗ್ಗುಲು ಬದಲಿಸಿ ಚಾಕುವಿನ ಭಾರದಷ್ಟೇ ಒತ್ತಿ. ಆಮೇಲೆ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಎಳೆಯಿರಿ. ಮಗ್ಗುಲಿಗೆ ಹತ್ತು ಹದಿನೈದು ಸಲ ಸಾಕು. ಜಾಸ್ತಿ ಒತ್ತಿದರೆ ತೊಗಲು ತಗ್ಗಿ ಬಾಯಿ ದುಂಡಗಾಗುತ್ತದೆ. ವಾಟರ್ ಪೇಪರ್ ಬಳಸುವವರು ಎಲ್ಲ ಹಂತದಲ್ಲೂ ಬೆನ್ನು ಮುಂದಾಗಿಯೇ ಎಳೆಯಬೇಕು, ನೂಕಿದರೆ ಕಾಗದ ಹರಿಯುತ್ತದೆ.

ಹರಿತ ಬಂದಿದೆಯಾ ಎಂದು ನೋಡಲು ಹೆಬ್ಬೆರಳು ಬೇಡ. ಮೆತ್ತನೆಯ ಮರದ ಎಳೆಗೆ ಅಡ್ಡವಾಗಿ ಕೆತ್ತಿ. ಕೆತ್ತಿದ ಜಾಗ ಹೊಳೆದರೆ ಹರಿತ ಇದೆ. ಮಂಕಾಗಿ, ಪುಡಿಪುಡಿಯಾಗಿ ಬಂದರೆ ಇನ್ನೂ ಕೆಲಸ ಇದೆ. ಹೊಳಪಿನ ನಡುವೆ ಒಂದು ಗೀರು ಕಂಡರೆ ಬಾಯಿಯಲ್ಲಿ ಅಲ್ಲೊಂದು ಸಣ್ಣ ಮುಕ್ಕು ಇದೆ ಎಂದು ಅರ್ಥ.

ಗಟ್ಟಿ ಮರಕ್ಕೆ ಬಾಯಿ ಪದೇಪದೇ ಮುಕ್ಕಾದರೆ, ನುಣುಪು ಕಲ್ಲಿನ ಮೇಲೆ ಬೆನ್ನನ್ನು ಸ್ವಲ್ಪವೇ ಎತ್ತಿ ಮಗ್ಗುಲಿಗೆ ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಕಣ್ಣಿಗೆ ಕಾಣದಷ್ಟು ಸಣ್ಣ ಅಂಚು ಬಂದು ಬಾಯಿ ಗಟ್ಟಿಯಾಗುತ್ತದೆ. ಮುಂದಿನ ಸಲ ಪೂರ್ತಿ ಇಳಿಜಾರು ಮಸೆದಾಗ ಅದು ಹೊರಟುಹೋಗುತ್ತದೆ, ಹೆದರಬೇಡಿ. ಹೊಸ ಚಾಕುವಿನ ಬಾಯಿ ಮೊದಲ ಒಂದೆರಡು ಸಲ ಬೇಗ ಮೊಂಡಾಗುವುದೂ ಇದೆ. ಮಸೆದ ಮೇಲೆ ಸರಿಹೋಗುತ್ತದೆ.

ಕಲ್ಲು ನಡುವೆ ಗುಳಿ ಬಿದ್ದರೆ ಇಳಿಜಾರು ಉಬ್ಬುತ್ತದೆ. ಗ್ರಾನೈಟ್ ಮೇಲೆ ಒರಟು ವಾಟರ್ ಪೇಪರ್ ಹಾಸಿ ಕಲ್ಲನ್ನೇ ಉಜ್ಜಿ ಸಮ ಮಾಡಿಕೊಳ್ಳಿ.

ಹಂತ 6: ಕಪ್ಪು ಕಲೆ, ಕೆಂಪು ತುಕ್ಕು, ಆಯುಧ ಪೂಜೆ

ಮಾವಿನಕಾಯಿ, ನಿಂಬೆ, ಈರುಳ್ಳಿ, ಹುಣಸೆ ಮುಟ್ಟಿದರೆ ಕಾರ್ಬನ್ ಉಕ್ಕು ಬೂದುಗಪ್ಪಾಗುತ್ತದೆ. ಇದು ಕೆಡುಕಲ್ಲ. ಈ ಪದರ ಮುಂದೆ ಬರುವ ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಉಜ್ಜಿ ತೆಗೆಯಬೇಡಿ. ಕೆಂಪಗೆ, ಕೈಗೆ ಪುಡಿ ಹತ್ತುವಂತಿದ್ದರೆ ಅದು ತುಕ್ಕು. ಎಣ್ಣೆ ಹಚ್ಚಿದ ಬಟ್ಟೆಯಿಂದ ತಕ್ಷಣ ಉಜ್ಜಿ ತೆಗೆಯಿರಿ, ಬಿಟ್ಟರೆ ಗುಳಿ ಬೀಳುತ್ತದೆ.

ಕೆಲಸ ಆದ ಕೂಡಲೇ ತೊಳೆದು, ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ಚಳಿಗಾಲದ ಬೆಳಿಗ್ಗೆ ಎಣ್ಣೆ ಅಲಗಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದರೆ ಗಾಬರಿ ಬೇಡ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತವೆ.

ಆಯುಧ ಪೂಜೆಗೆ ಚಾಕು ಇಡುವುದು ಸಂತೋಷದ ವಿಷಯ. ಆದರೆ ಒದ್ದೆ ಕುಂಕುಮ, ಅರಿಶಿನ, ನಿಂಬೆಹಣ್ಣಿನ ರಸ ಹತ್ತಿದ ಅಲಗು ಎರಡು ದಿನ ಹಾಗೇ ಕೂತರೆ ಗುಳಿ ಖಚಿತ. ಮೊದಲೇ ತೆಳ್ಳಗೆ ಎಣ್ಣೆ ಸವರಿ, ಬೊಟ್ಟನ್ನು ಹಿಡಿಗೆ ಅಥವಾ ಒರೆಗೆ ಇಡಿ. ಬೂದುಗುಂಬಳಕ್ಕೆ ಮಚ್ಚೇ ಇರಲಿ.

ಹಂತ 7: ಹಿಡಿ ಮತ್ತು ಒರೆ

ಮಲೆನಾಡಿನವರಿಗೆ ತುಕ್ಕು ದೊಡ್ಡ ಶತ್ರು. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ತುಕ್ಕಿಗಿಂತ ಒಣ ಹವೆ ಜಾಸ್ತಿ ಕಾಡುತ್ತದೆ. ಫೆಬ್ರವರಿಯಿಂದ ಏಪ್ರಿಲ್ ತನಕ ಮರ ಕುಗ್ಗುತ್ತದೆ. ತಂಪು ದೇಶದಲ್ಲಿ ಹದವಾದ ಬರ್ಚ್ ಮರದ ಹಿಡಿ ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲೇ ಬಳೆಯ ಹತ್ತಿರ ಸಂದು ಬಿಡಬಹುದು, ಕೂದಲೆಳೆ ಬಿರುಕು ಕಾಣಬಹುದು. ಅದಕ್ಕೇ ಚಾಕು ಬಂದ ವಾರವೇ ಅಗಸೆ ಎಣ್ಣೆ ಹಚ್ಚಿ. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಹೆಚ್ಚಾದದ್ದನ್ನು ಪೂರ್ತಿ ಒರೆಸಿ ಒಣಗಲು ಬಿಡಿ. ಮೂರು ನಾಲ್ಕು ಸಲ ಹೀಗೆ ಮಾಡಿ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಿಡಿಗೆ ಆಗುವುದಿಲ್ಲ, ಅವು ಒಣಗಿ ಗಟ್ಟಿಯಾಗುವುದೇ ಇಲ್ಲ.

ಇದನ್ನು ದಯವಿಟ್ಟು ಗಮನಿಸಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಸೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿಡಿ, ಇಲ್ಲವೇ ಹೊರಗೆ ಬಿಡಿಸಿ ಹರವಿ.

ಬಳೆಯ ಸಂದಿಗೆ ಜೇನುಮೇಣ ಕರಗಿಸಿ ತುಂಬಿ, ನೀರು ಒಳಗೆ ಹೋಗದಂತೆ. ಅಲಗೇ ಅಲ್ಲಾಡುತ್ತಿದ್ದರೆ ಮಾಡಿದವರಿಗೇ ಕಳಿಸಿ.

ಒರೆ ಗಿಡದ ತೊಗಟೆಯಲ್ಲಿ ಹದ ಮಾಡಿದ ತೊಗಲಿನದಾದರೆ ಒಳ್ಳೆಯದು. ದಕ್ಷಿಣ ಭಾರತದಲ್ಲಿ ಹಿಂದಿನಿಂದಲೂ ತೊಗಲು ಹದ ಮಾಡುತ್ತಿದ್ದುದು ಅದೇ ತಂಗಡಿಯ ತೊಗಟೆಯಿಂದ. ಒರೆಯೊಳಗೆ ಚಾಕುವನ್ನು ತಿಂಗಳುಗಟ್ಟಲೆ ಬಿಡಬೇಡಿ. ತೊಗಲು ಗಾಳಿಯ ತೇವ ಹೀರಿ ಅಲಗಿಗೆ ಕೊಡುತ್ತದೆ. ಒರೆ ಹೊರಗೆ ಓಡಾಡುವಾಗ ಮಾತ್ರ, ಮನೆಯಲ್ಲಿ ಎರಡನ್ನೂ ಬೇರೆ ಬೇರೆ ಇಡಿ. ನೆನೆದ ಒರೆಯನ್ನು ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ.

ಹಂತ 8: ಕಾನೂನು

ಶಸ್ತ್ರಾಸ್ತ್ರ ನಿಯಮಗಳು, 2016ರ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗು. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದೇ ಮಾಡಿದ ಸಲಕರಣೆಗಳು ಅದರಿಂದ ಹೊರಗೆ. ನಮ್ಮ ನಾಲ್ಕು ಇಂಚಿನ ಚಾಕು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಮನೆಯಲ್ಲಿ, ತೋಟದಲ್ಲಿ ಇಟ್ಟುಕೊಳ್ಳುವುದಕ್ಕೆ ತೊಂದರೆ ಇಲ್ಲ.

ಹಾಗೆಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಊರೊಳಗೆ ಓಡಾಡಬೇಡಿ. ಜಾತ್ರೆ, ಮೆರವಣಿಗೆ, ಚುನಾವಣೆ, ನಿಷೇಧಾಜ್ಞೆ ಇರುವ ದಿನಗಳಲ್ಲಂತೂ ಮನೆಯಲ್ಲೇ ಇರಲಿ. ದೇವರಾಯನದುರ್ಗ, ಸ್ಕಂದಗಿರಿ, ಅಂತರಗಂಗೆ ಹತ್ತಲು ಹೋಗುವಾಗ ಇದರ ಅಗತ್ಯವೇ ಇಲ್ಲ. ಅರಣ್ಯ ಇಲಾಖೆಯ ಜಾಗದಲ್ಲಿ ಹಸಿ ಕೊಂಬೆ ಕಡಿಯುವುದು ಅಪರಾಧ. ವಿಮಾನದಲ್ಲಿ ಕೈಚೀಲಕ್ಕೆ ಬೇಡ, ಲಗೇಜಿಗೆ ಹಾಕಿ. ಬೆಂಗಳೂರಿಗೆ ಹೋಗುವವರು ನೆನಪಿಡಿ, ಮೆಟ್ರೊ ಸ್ಕ್ಯಾನರಿನಲ್ಲಿ ಚಾಕು ಕಂಡರೆ ತಡೆಯುತ್ತಾರೆ. ಊರಿಂದ ತೋಟಕ್ಕೆ ಬಸ್ಸಿನಲ್ಲಿ ಒಯ್ಯಬೇಕಾದರೆ ಒರೆಗೆ ಹಾಕಿ, ಬಟ್ಟೆ ಸುತ್ತಿ, ಬ್ಯಾಗಿನ ತಳಕ್ಕೆ ಇಡಿ. ಯಾರಾದರೂ ಕೇಳಿದರೆ ತೋರಿಸಿ, ಕೆತ್ತನೆಗೆ ಎಂದು ನೇರವಾಗಿ ಹೇಳಿ. ಅರ್ಧ ಕೆತ್ತಿದ ಸೌಟು ಜತೆಗಿದ್ದರೆ ಇನ್ನೂ ಒಳ್ಳೆಯದು.